ಅಪ್ಪನಿಗೆ ಹೇಗೆ ಗೊತ್ತಾಗುತ್ತೆ

ನನಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಕ್ಲಿನಿಕ್ಕಿನಲ್ಲಿ ಇದು ಎಲ್ಲರಿಗೂ ಗೊತ್ತು. ನಮ್ಮ ಡಾಕ್ಟರಮ್ಮನಂತೂ "ಸಿಸ್ಟರ್, ನೀವು ದಾರಿ ತಪ್ಪಿ ನರ್ಸ್ ಆದ್ರಿ, ಪತ್ತೇದಾರಿಕೆಗೆ ಹೋಗಬೇಕಿತ್ತು" ಎಂದು ಆಗಾಗ ಚುಚ್ಚುತ್ತಾರೆ. ಚುಚ್ಚಲಿ, ಅದೇ ತಾನೆ ನಮ್ಮಿಬ್ಬರ ಕೆಲಸ. ಶನಿವಾರದ ಗುಂಪಿಗೆ ಬರುವ ಮಕ್ಕಳ ಹತ್ತಿರ ಕೆದಕಿ ಕೆದಕಿ ಕೇಳುವವಳು ಒಬ್ಬಳಾದರೂ ಇರಬೇಕು ಎನ್ನುವುದು ನನ್ನ ಹಟ.

ಮಕ್ಕಳು ಎಂದೆ. ಅವರೆದುರು ಹಾಗೆ ಅಂದರೆ ಜಗಳಕ್ಕೇ ಬರುತ್ತಾರೆ. ಎಲ್ಲರದೂ ಹದಿನಾರು ಹದಿನೇಳರ ವಯಸ್ಸು, ಎಲ್ಲರಿಗೂ ರಕ್ತ ಸುಲಭವಾಗಿ ಹೆಪ್ಪುಗಟ್ಟದ ಕಾಯಿಲೆ. ಬೆರಳು ಕೊಯ್ದರೆ ಇವರ ಪ್ರಾಣವೇ ಹೋಗುತ್ತದೆ ಎಂದು ಜನ ಹೆದರುತ್ತಾರೆ. ನಾವು ಹೆದರುವುದು ಕೀಲುಗಳಿಗೆ. ಪೆಟ್ಟೇ ಬೀಳದೆ, ಸುಮ್ಮನೆ ಕೂತಿದ್ದಾಗಲೂ ಮೊಣಕಾಲಿನಲ್ಲೋ ಪಾದದ ಕೀಲಿನಲ್ಲೋ ಒಳಗೊಳಗೇ ರಕ್ತ ಒಸರತೊಡಗುತ್ತದೆ. ಶುರುವಾದ ಕೂಡಲೇ ಔಷಧಿಯನ್ನು ನರಕ್ಕೆ ಚುಚ್ಚಿಕೊಂಡರೆ ಬಚಾವು, ಬೇಗ ಎದ್ದು ಓಡಾಡಬಹುದು. ಊದಿಕೊಳ್ಳುವವರೆಗೆ ಕಾದರೆ ವಾರಗಟ್ಟಲೆ ಹಾಸಿಗೆ. ಮತ್ತೆ ಮತ್ತೆ ಹಾಗೇ ಆದರೆ ಕೀಲೇ ಸವೆದು ಕೂರುತ್ತದೆ.

ಇಷ್ಟು ದಿನ ಅಪ್ಪ ಅಮ್ಮಂದಿರು ನೋಡಿಕೊಂಡಿದ್ದಾಯಿತು. ಇನ್ನು ಇವರೇ ನೋಡಿಕೊಳ್ಳಬೇಕಲ್ಲ, ಅದಕ್ಕೇ ಈ ಗುಂಪು. ರಬ್ಬರಿನ ಕೈಯಲ್ಲಿ ನರ ಹುಡುಕುವುದು, ಔಷಧಿ ಮುಗಿಯುವ ಮೊದಲೇ ನೆನಪಿಟ್ಟು ಫೋನ್ ಮಾಡುವುದು, ಹೊಸ ಕೆಲಸದಲ್ಲಿ ಮೇಲಿನವರಿಗೆ ವಿಷಯ ಹೇಳುವುದು, ಎಲ್ಲವನ್ನೂ ಮಾಡಿಸುತ್ತೇನೆ. ಒಮ್ಮೆ ರೂಮಿನ ಜೊತೆಗಾರನಿಗೆ ಕಾಯಿಲೆಯ ಬಗ್ಗೆ ತಿಳಿಸುವ ಅಭ್ಯಾಸ ನಡೆದಿತ್ತು. ಎಲ್ಲದಕ್ಕೂ ವಾದ ಹೂಡುವ, ನಾವೆಲ್ಲ ಲಾಯರ್ ಎಂದು ಕರೆಯುವ ಹುಡುಗ ಎದ್ದು ನಿಂತು, "ನನಗೊಂದು ಕಾಯಿಲೆ ಇದೆ. ಅಂಟೋದಿಲ್ಲ. ಆದ್ರೂ ನನ್ನ ಟವೆಲ್ ಮುಟ್ಟಬೇಡ" ಎಂದ. ನಕ್ಕು ನಕ್ಕು ಸಾಕಾಯಿತು.

ಅವತ್ತೇ ನಾನು ಆ ಪ್ರಶ್ನೆ ಕೇಳಿದ್ದು. "ಊತ ಇಲ್ಲ, ಇನ್ನೂ ಏನೂ ಕಾಣ್ತಿಲ್ಲ. ಒಳಗೆ ಶುರುವಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಸೋಡಾ ಬಾಟಲಿ ತೆರೆದ ಹಾಗೆ, ಒಳಗೆ ಗುಳ್ಳೆ ಗುಳ್ಳೆ" ಎಂದ ಲಾಯರ್. ಪಕ್ಕದವನು ಬೆಚ್ಚಗಾಗುತ್ತೆ ಎಂದ. ಮೂಲೆಯಲ್ಲಿ ಕೂತಿದ್ದ ಚೂಟಿಯ ಸರದಿ ಬಂತು.

"ಅಪ್ಪ ಹೇಳ್ತಾನೆ" ಎಂದಳು ಚೂಟಿ.

ಎಲ್ಲರೂ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ. "ನಿಜವಾಗ್ಲೂ ಸಿಸ್ಟರ್. ಅಪ್ಪ 'ಯಾವ ಕಾಲು?' ಅಂತಾನೆ. ಆಮೇಲೆ ನೋಡಿದ್ರೆ ಹೌದು, ಒಂದು ಕಾಲು ನೋಯ್ತಿರುತ್ತೆ."

ಚೂಟಿ ಅವಳ ಮನೆಯವರೇ ಇಟ್ಟ ಅಡ್ಡಹೆಸರು. ಹೆಸರಿಗೆ ತಕ್ಕ ಹುಡುಗಿ. ಈ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಿಗೇ ಬರುವುದು, ಇವಳದು ಹೆಣ್ಣು ಗಂಡೆನ್ನದೆ ಬರುವ ಅಪರೂಪದ ಬಗೆ. ನರ ಹುಡುಕಿ ಸೂಜಿ ಹಾಕಿಕೊಳ್ಳುವುದರಲ್ಲಿ ನನಗೇ ಪಾಠ ಹೇಳುವಂಥವಳು. ತಾಯಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಹಾಗಾಗಿ ಚಿಕ್ಕಂದಿನಿಂದ ಇವಳನ್ನು ನೋಡಿಕೊಂಡವರು ಅಪ್ಪ. ಅವರದು ಹೊಲಿಗೆ ಮಿಷನ್ ರಿಪೇರಿಯ ಅಂಗಡಿ. ಮಗಳಿಗೆ ಈಗ ಬೇರೆ ಊರಿನ ಒಂದು ಮ್ಯೂಸಿಯಮ್ಮಿನಲ್ಲಿ, ಹಳೆಯ ನಕ್ಷೆಗಳನ್ನು ದುರಸ್ತಿ ಮಾಡುವ ವಿಭಾಗದಲ್ಲಿ ಕಲಿಯುವ ಅವಕಾಶ ಸಿಕ್ಕಿತ್ತು. ಹರಿದ ಕಾಗದ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಹಾಸ್ಟೆಲಿನಲ್ಲಿರಬೇಕು, ಅದಕ್ಕೆ ನಮ್ಮ ಡಾಕ್ಟರಮ್ಮ ಸಹಿ ಹಾಕಬೇಕು.

ಡಾಕ್ಟರಮ್ಮ ಹಾಕಲೊಲ್ಲರು. "ಚುಚ್ಚೋಕೆ ಬರುತ್ತೆ, ಸರಿ. ಯಾವಾಗ ಚುಚ್ಚಬೇಕು ಅಂತ ತಿಳಿಯದೆ ಹೋದ್ರೆ? ಅಲ್ಲಿ ಅಪ್ಪ ಇರ್ತಾರಾ?" ಎಂದರು. ಕೊನೆಗೆ ಚೂಟಿಯ ಮುಖ ನೋಡಲಾಗದೆ ಒಂದು ಷರತ್ತು ಹಾಕಿದರು. "ಒಂದೇ ಒಂದು ಸಲ ನಿಮ್ಮಪ್ಪನಿಗಿಂತ ಮೊದಲು ನೀನು ಹೇಳು. ಆಮೇಲೆ ನೋಡೋಣ."

ಚೂಟಿ ಸಪ್ಪಗಾದಳು. ಅಪ್ಪನನ್ನು ಮೀರಿಸುವುದು ಅವಳಿಂದ ಒಮ್ಮೆಯೂ ಆಗಿರಲಿಲ್ಲ. ಹಾಗಾದರೆ ಅಪ್ಪನಿಗೆ ಗೊತ್ತಾಗುವುದಾದರೂ ಹೇಗೆ? ನನ್ನ ತಲೆಗೆ ನಾನೇ ಹುಳ ಬಿಟ್ಟುಕೊಂಡೆ.

ಮನೆಯಲ್ಲಿ ನನ್ನದೊಂದು ಹೊಲಿಗೆ ಮಿಷನ್ ದೂಳು ತಿನ್ನುತ್ತಿತ್ತು. ಅದರ ತಲೆಯನ್ನು ಬಿಚ್ಚಿಕೊಂಡು, ನೂಲು ಕಿತ್ತುಹೋಗುತ್ತದೆ ಎಂಬ ನೆಪ ಹೂಡಿ, ಒಂದು ಮಧ್ಯಾಹ್ನ ಅವರ ಅಂಗಡಿಗೆ ಹೋದೆ. ನೆಪವೇನೂ ಪೂರ್ತಿ ಸುಳ್ಳಲ್ಲ, ನೂಲು ನಿಜಕ್ಕೂ ಕಿತ್ತುಹೋಗುತ್ತಿತ್ತು.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆ ತುಂಬ ಬೆಲ್ಟುಗಳು, ಡಬ್ಬಗಳಲ್ಲಿ ಸೂಜಿ, ಸ್ಕ್ರೂ, ಬಾಬಿನ್ನು. ಎಣ್ಣೆಯ ವಾಸನೆ. ಚೂಟಿ ಎತ್ತರದ ಸ್ಟೂಲಿನ ಮೇಲೆ ಕೂತು ಒಂದು ಮಿಷನ್ನಿನ ಹೊಟ್ಟೆಯಿಂದ ನೂಲಿನ ಜುಂಗು ಕೀಳುತ್ತಿದ್ದಳು. ನನಗೆ ಟೀ ಬಂತು. ಅಪ್ಪ ಮಗಳ ಮಾತು ಕೇಳಿಕೊಂಡು ಕೂತೆ.

"ಅಪ್ಪ, ಎಣ್ಣೆ ಡಬ್ಬ ಇತ್ತ ತಳ್ಳು."

"ನಿನಗೇನು ಕೈ ಇಲ್ವಾ?"

"ಎರಡೂ ಕೈ ಮಿಷನ್ ಒಳಗಿದೆ, ಕಣ್ಣು ಕಾಣಲ್ವಾ ನಿಂಗೆ? ಕನ್ನಡಕ ಒರೆಸ್ಕೋ."

ಅವರು ಕನ್ನಡಕ ಒರೆಸಿಕೊಂಡರು, ಡಬ್ಬವನ್ನೂ ತಳ್ಳಿದರು. ಹೀಗೇ ಕಿತ್ತಾಡುತ್ತ ಕೆಲಸ ಸಾಗಿತ್ತು. ನನ್ನ ಟೀ ಮುಗಿದು, ನಾನು ತಂದ ತಲೆಯ ಮುಚ್ಚಳ ಬಿಚ್ಚಿಯಾದ ಮೇಲೆ ಚೂಟಿ, "ಅಪ್ಪ, ಆ ಸಣ್ಣ ಸ್ಕ್ರೂಡ್ರೈವರ್ ಕೊಡ್ತೀರಾ?" ಎಂದಳು. ಅವರು ಹುಡುಕತೊಡಗಿದಾಗ, "ಇರ್ಲಿ ಬಿಡಿ, ನಿಮ್ಮ ಕೆಲಸ ಮುಗಿಸಿ" ಎಂದಳು.

ಅಪ್ಪ ತಲೆ ಎತ್ತಿದರು. ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಯಾವ ಕಾಲು?"

"ಏನೂ ಇಲ್ಲ."

"ಚೂಟಿ. ಯಾವ ಕಾಲು?"

ಅವಳು ಒಂದೊಂದೇ ಪಾದ ತಿರುಗಿಸಿ ನೋಡಿದಳು. ಬಲಗಾಲಿಗೆ ಬಂದಾಗ ಮುಖ ಹುಳ್ಳಗಾಯಿತು. "ಬಲಗಡೇದು" ಎಂದಳು, ತನಗೇ ಆಶ್ಚರ್ಯವಾದವಳಂತೆ.

ಅವಳು ಒಳಗೆ ಹೋಗಿ ಔಷಧಿ ಚುಚ್ಚಿಕೊಳ್ಳುತ್ತಿದ್ದಾಗ ನಾನು ತಡೆಯಲಾರದೆ ಕೇಳಿದೆ, "ಅಲ್ಲ ಯಜಮಾನ್ರೇ, ನಿಮಗೆ ಹೇಗೆ ಗೊತ್ತಾಯ್ತು?"

"ನಡಿಗೆ, ಸಿಸ್ಟರ್. ಸದ್ದು ಕೇಳಿದ್ರೆ ಸಾಕು, ಮಿಷನ್ ಎಲ್ಲಿ ಸವೆದಿದೆ ಅಂತ ಹೇಳೋನು ನಾನು. ಮಗಳ ಹೆಜ್ಜೆ ಬದಲಾದ್ರೆ ಗೊತ್ತಾಗಲ್ವಾ?" ಅವರ ದನಿಯಲ್ಲಿ ಹೆಮ್ಮೆ ಇತ್ತು, ಇರಬೇಕಾದದ್ದೇ. ನಾನು ಹೌದೌದು ಎಂದು ತಲೆಯಾಡಿಸಿ ಬಂದೆ.

ಬಸ್ಸಿನಲ್ಲಿ ಕೂತ ಮೇಲೆ ತಟ್ಟನೆ ಹೊಳೆಯಿತು. ಯಾವ ನಡಿಗೆ? ನಾನು ಹೋದಾಗಿನಿಂದ ಆ ಹುಡುಗಿ ಸ್ಟೂಲಿನಿಂದ ಇಳಿದೇ ಇರಲಿಲ್ಲ.

ಮನುಷ್ಯ ಸುಳ್ಳು ಹೇಳಿರಲಿಲ್ಲ, ತನಗೆ ಗೊತ್ತಾದದ್ದು ಹೇಗೆಂದು ಅವರಿಗೇ ಗೊತ್ತಿರಲಿಲ್ಲ. ನಾನು ಆ ಮಧ್ಯಾಹ್ನವನ್ನು ಮೊದಲಿಂದ ನೆನೆಸಿಕೊಂಡೆ. ತಳ್ಳು ಎಂದಿದ್ದಳು, ಒರೆಸ್ಕೋ ಎಂದಿದ್ದಳು. ಆಮೇಲೆ ಕೊಡ್ತೀರಾ, ಬಿಡಿ, ಮುಗಿಸಿ. ಅಪ್ಪನಿಗೆ ಬಹುವಚನ! ಅಂಗಡಿಗೆ ಬಂದ ಗಿರಾಕಿಯನ್ನು ಮಾತಾಡಿಸಿದ ಹಾಗೆ. ನಾನು ಇಳಿಯಬೇಕಾದ ನಿಲ್ದಾಣ ಹಿಂದಕ್ಕೆ ಹೋಗಿತ್ತು.

ಮುಂದಿನ ಶನಿವಾರ ಗುಂಪು ಚದುರಿದ ಮೇಲೆ ಚೂಟಿಯನ್ನು ಹಿಡಿದು ಕೂರಿಸಿದೆ.

"ನಾನಾ? ಅಪ್ಪನಿಗೆ ನೀವು ಅಂತೀನಾ? ಹೋಗಿ ಸಿಸ್ಟರ್!" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತಿತು. "ಅಂತೀನಿ ಅಲ್ವಾ" ಎಂದಳು.

"ಅವತ್ತು ಅಂದೆ. ಯಾಕೆ?"

ಅವಳು ರಬ್ಬರಿನ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಚಿದಳು, ಬಿಡಿಸಿದಳು. ನಾನು ಬಾಯಿ ಮುಚ್ಚಿಕೊಂಡು ಕಾದೆ, ನನ್ನಂಥವಳಿಗೆ ಅದೇನು ಸಣ್ಣ ಶಿಕ್ಷೆಯಲ್ಲ.

"ಕಾಲು ಅಂದ ಕೂಡ್ಲೇ ಅಪ್ಪನ ಮುಖ ಬಾಡಿ ಹೋಗುತ್ತೆ ಸಿಸ್ಟರ್" ಎಂದಳು ಕಡೆಗೆ. "ಕೆಲಸ ಅರ್ಧಕ್ಕೆ ಬಿಡ್ತಾನೆ. ಅವತ್ತೆಲ್ಲ ಊಟ ಸೇರಲ್ಲ ಅವನಿಗೆ. ಅದಕ್ಕೇ ಸ್ವಲ್ಪ ಹುಷಾರಾಗಿ, ಒಳ್ಳೆಯವಳ ಥರ ಮಾತಾಡ್ತೀನೇನೋ."

"ಅಂದ್ರೆ ಅವರು ಕೇಳೋಕೆ ಮುಂಚೆನೇ ನಿನಗೆ ಗೊತ್ತಾಗಿರುತ್ತೆ."

ಅವಳು ನನ್ನನ್ನೇ ದಿಟ್ಟಿಸಿದಳು. "ನನಗೆ ಗೊತ್ತಿತ್ತು ಅಂತ ನನಗೇ ಗೊತ್ತಿರ್ಲಿಲ್ಲ."

ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಕ್ಷಣವೇ ಅವಳ ಅಪ್ಪನಿಗೆ ಫೋನ್ ಮಾಡಲು ಹೊರಟೆ. ಚೂಟಿ ನನ್ನ ಕೈ ಹಿಡಿದುಕೊಂಡಳು. "ಅಯ್ಯೋ ಬೇಡ! ಅವನಿಗೆ ತಿಳಿದ್ರೆ ದಿನಾ ಹಾಸ್ಟೆಲಿಗೆ ಫೋನ್ ಮಾಡಿ ನಾನು ನೀನು ಅಂತೀನೋ ನೀವು ಅಂತೀನೋ ಅಂತ ಕೇಳಿಸ್ಕೊಂಡು ಕೂರ್ತಾನೆ." ಮಾತು ಸರಿ ಇತ್ತು. ಹೊಟ್ಟೆಯಲ್ಲಿ ಗುಟ್ಟು ನಿಲ್ಲದ ನಾನು ಅವಳಿಗೋಸ್ಕರ ಬಾಯಿಗೆ ಬೀಗ ಹಾಕಿಕೊಂಡೆ.

ಆಮೇಲೆ ಅವಳಿಗೆ ಹೇಳಿಕೊಟ್ಟದ್ದು ಇಷ್ಟೇ: ಮಾತು ಮೆತ್ತಗಾಯಿತು ಅನ್ನಿಸಿದಾಗಲೆಲ್ಲ ನಿಂತು, ಒಂದೊಂದು ಕೀಲನ್ನೂ ಹೇಗಿದ್ದೀಯ ಎಂದು ವಿಚಾರಿಸು. ವಿಚಾರಿಸಿದಳು. ಗೆಳತಿಗೆ ಸುಮ್ಮನೆ ಥ್ಯಾಂಕ್ಸ್ ಹೇಳಿದರೂ ಗಾಬರಿಯಾಗಿ ಕಾಲು ತಿರುಗಿಸಿ ನೋಡಿಕೊಳ್ಳುವ ಹಾಗಾಯಿತು. ಆದರೆ ರಕ್ತ ಒಸರುವುದೇನು ನಮ್ಮ ಅನುಕೂಲ ನೋಡಿಕೊಂಡು ಬರುತ್ತದೆಯೇ? ಬರದೇ ಇದ್ದುದಕ್ಕೆ ಬೇಜಾರು ಮಾಡಿಕೊಂಡ ರೋಗಿಯನ್ನು ನಾನು ಅದೇ ಮೊದಲು ನೋಡಿದ್ದು. ಇತ್ತ ಮ್ಯೂಸಿಯಮ್ಮಿನವರು ಬರುತ್ತೀಯೋ ಇಲ್ಲವೋ ಹೇಳು, ಇಲ್ಲದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದರು.

ಕೊನೆಗೆ ಅಪ್ಪ, ಮಗಳು, ಡಾಕ್ಟರಮ್ಮ, ನಾನು ಒಟ್ಟಿಗೆ ಕೂತೆವು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಮಾಡಿದರೆ ಇಲ್ಲ ಎಂದೇ ಅರ್ಥ. "ಒಂದು ವರ್ಷ ಕಳೀಲಿ, ಆಮೇಲೆ..." ಎಂದು ಶುರು ಮಾಡಿದರು. ಅಪ್ಪ ತಲೆಯಾಡಿಸುತ್ತಿದ್ದರು. ಅವರಿಗೆ ಬೇಸರವೂ ಇತ್ತು, ಎಲ್ಲೋ ಒಂದು ಕಡೆ ನಿರಾಳವೂ ಇತ್ತು.

"ಒಂದ್ನಿಮಿಷ" ಎಂದಳು ಚೂಟಿ. ಅವಳು ಕಣ್ಣು ಮುಚ್ಚಿದ್ದಳು. "ಎಡಗಾಲು. ಪಾದದ ಕೀಲು. ಶುರುವಾಗಿದೆ."

ಡಾಕ್ಟರಮ್ಮ ಬಗ್ಗಿ ಒತ್ತಿ ನೋಡಿದರು. ಊತ ಇರಲಿಲ್ಲ, ಬಿಸಿ ಇರಲಿಲ್ಲ. ಹಳೆಯ ಅಭ್ಯಾಸ, ಅಪ್ಪನ ಕಡೆ ತಿರುಗಿದರು. "ನೀವೇನಂತೀರಿ?"

"ಇಲ್ಲ ಡಾಕ್ಟ್ರೇ" ಎಂದರು ಅಪ್ಪ. "ಈಗ ತಾನೆ ಮೆಟ್ಟಿಲು ಹತ್ತಿ ಬಂದ್ಲಲ್ಲ. ಹೆಜ್ಜೆ ಸರಿಯಾಗೇ ಇತ್ತು. ಆ ಊರಿಗೆ ಹೋಗೋ ಆಸೆಗೆ ಹಾಗನ್ನಿಸ್ತಿರಬೇಕು."

ನನಗೆ ರೇಗಿಹೋಯಿತು. "ಕಾಲು ಯಾರದು?" ಎಂದೆ, ಸ್ವಲ್ಪ ಜೋರಾಗಿಯೇ. "ಅವಳು ಹೇಳಿದ್ಲಲ್ಲ! ಇನ್ಯಾರನ್ನ ಕೇಳಬೇಕು?"

ಡಾಕ್ಟರಮ್ಮ ನನ್ನನ್ನು ಒಮ್ಮೆ ನೋಡಿ, ಸ್ಕ್ಯಾನ್ ಮಿಷನ್ ಎಳೆದುಕೊಂಡರು. ಪರದೆಯ ಮೇಲೆ ಮೂಳೆಗಳ ನಡುವೆ, ನೂಲಿನೆಳೆಯಷ್ಟು ತೆಳ್ಳಗೆ ಒಂದು ಕಪ್ಪು ಗೆರೆ. ಅವರು ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. "ಈಗಷ್ಟೇ ಶುರುವಾಗಿದೆ. ಇಷ್ಟು ಬೇಗ ಹೇಳಿದವರನ್ನ ನಾನು ನೋಡಿಲ್ಲ."

ಚೂಟಿ ಚೀಲದಿಂದ ಔಷಧಿ ತೆಗೆದು ಕಲಸಿ, ತೋಳಿಗೆ ಪಟ್ಟಿ ಬಿಗಿದುಕೊಂಡಳು. ಆತುರಕ್ಕೆ ಮೊದಲ ಸಲ ನರ ತಪ್ಪಿತು. ನಾನು ಮುಂದೆ ಬರಲಿಲ್ಲ. ಇನ್ನೊಂದು ಕಡೆ ಚುಚ್ಚಿದಳು, ಸಿಕ್ಕಿತು.

ಅಪ್ಪ ಅವಳ ಕಾಲನ್ನೇ ನೋಡುತ್ತಿದ್ದರು. "ಹೇಗಿರುತ್ತೆ?" ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ಅದನ್ನು ಒಮ್ಮೆಯೂ ಕೇಳಿರಲಿಲ್ಲ ಎಂದು ನನಗೆ ಅವರ ದನಿಯಿಂದಲೇ ತಿಳಿಯಿತು.

ಅವಳು ಯೋಚಿಸಿದಳು. "ಬೇರೆ ಯಾರದೋ ಚಪ್ಪಲಿ ಹಾಕ್ಕೊಂಡ ಹಾಗೆ. ಅಳತೆ ಸರಿಯಾಗೇ ಇದೆ, ಆದ್ರೆ ನಂದಲ್ಲ."

"ಪ್ರತಿ ಸಲ ಹೀಗೇ ಮೊದಲೇ ಗೊತ್ತಾಗ್ತಿತ್ತಾ?"

"ಆಗ್ತಿತ್ತು ಅಂತ ಕಾಣುತ್ತೆ."

"ಮತ್ತೆ ಹೇಳ್ತಿರ್ಲಿಲ್ಲ."

"ನಿನ್ನ ಮುಖ ನೋಡೋಕಾಗಲ್ಲ ಅಪ್ಪ."

ಮಗಳನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದವರಿಗೆ ಅಷ್ಟೂ ವರ್ಷ ಮಗಳೇ ತನ್ನನ್ನು ಕಾಯುತ್ತಿದ್ದಳು ಎಂದು ತಿಳಿದರೆ ಹೇಗಾಗಬೇಕು?

"ಹಾಗಾದ್ರೆ ನಾನು ಹತ್ರ ಇಲ್ದೇ ಇದ್ರೇನೇ ನೀನು ಬೇಗ ಹೇಳ್ತೀಯ" ಎಂದರು ಅಪ್ಪ. "ಅಲ್ವಾ?"

ಚೂಟಿಯ ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಹತ್ತಿ. ಕಣ್ಣು ಒರೆಸಿಕೊಳ್ಳಲೂ ಆಗದೆ ಹಾಗೇ ಕೂತಿದ್ದಳು. ಇಲ್ಲ ಅಪ್ಪ, ಹಾಗೇನಿಲ್ಲ ಎನ್ನುವುದು ಅವಳಿಗೆ ಎಷ್ಟು ಸುಲಭವಿತ್ತು.

"ಹೂಂ" ಎಂದಳು.

ಅಪ್ಪ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. "ಸಹಿ ಹಾಕಿ, ಡಾಕ್ಟ್ರೇ" ಎಂದರು.