ಬೀಗದವನ ವೈಫೈ

ಬೀಗ ರಿಪೇರಿಯವನ ಮನೆಗೆ ವೈಫೈ ಬಂತು. ಪೆಟ್ಟಿಗೆ ಗೋಡೆ ಹತ್ತಿದ್ದೇ ತಡ, ಅವನ ಕೈ ತುರಿಸತೊಡಗಿತು. ಮನೆಯೊಳಗೆ ಏನೇ ಬಂದರೂ ಅದಕ್ಕೊಂದು ಬೀಗ ಬೀಳಲೇಬೇಕು. ಸಕ್ಕರೆ ಡಬ್ಬಿಗೂ ಆ ಭಾಗ್ಯ ತಪ್ಪಿರಲಿಲ್ಲ.

"ಅಪ್ಪಾ, ಹನ್ನೊಂದಕ್ಕೆ ನನ್ನ ಇಂಟರ್‌ವ್ಯೂ. ಇವತ್ತೊಂದು ದಿನ ಅದರ ತಂಟೆಗೆ ಹೋಗ್ಬೇಡ" ಎಂದಳು ಮಗಳು. ಅಲೆದಲೆದು ಚಪ್ಪಲಿ ಸವೆದ ಮೇಲೆ ಬಂದಿದ್ದ ಕರೆ ಅದು.

"ಅದಕ್ಕೇ ಕಣೇ! ನಡುವೆ ಕಂಡಕಂಡವರು ನುಗ್ಗಿದ್ರೆ?" ಎಂದವನೇ ಎಲ್ಲರನ್ನೂ ಕೋಣೆಯಿಂದಾಚೆ ಅಟ್ಟಿ, ಮೊಬೈಲ್ ಹಿಡಿದು ಪಾಸ್‌ವರ್ಡ್ ಬದಲಿಸಲು ಕೂತ.

ತಾನು ಕೂರಿಸಿದ ಬೀಗದ ಕೀಲಿ ತನ್ನ ಬಳಿ ಉಳಿಯಕೂಡದು ಎಂಬುದು ಅವನ ನಿಯತ್ತು. ಆ ನಿಯತ್ತಿನಿಂದಲೇ ಇಷ್ಟು ಕಾಲ ತಲೆಯೆತ್ತಿ ನಡೆದವನು. ಹಾಗಾಗಿ ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕ ಅಕ್ಷರಗಳನ್ನೆಲ್ಲ ಕುಟ್ಟಿ ಒಳಗೆ ಹಾಕಿಬಿಟ್ಟ. ಈ ಸಲ ಗಿರಾಕಿಯೂ ತಾನೇ ಎಂಬುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಮಗಳ ಲ್ಯಾಪ್‌ಟಾಪ್‌ನಲ್ಲಿ ನೆಟ್ ಓಡುತ್ತಲೇ ಇತ್ತು. ಎಲ್ಲ ಸರಿಯಾಯಿತೆಂದು ಉಬ್ಬಿಹೋದವನು, ಸುಮ್ಮನಿರಲಾರದೆ ಮಹಡಿ ಮನೆಯ ಟೀಚರಮ್ಮನ ಕದ ತಟ್ಟಿದ.

"ನಿಮ್ಮ ವೈಫೈಗೆ ಬೀಗ ಉಂಟಾ?"

"ಇಲ್ಲಪ್ಪ. ಯಾರಾದ್ರೂ ಬಳಸ್ಕೊಂಡ್ರೆ ನಂಗೇನು ನಷ್ಟ?"

"ಅಯ್ಯೋ, ಬಿಟ್ಟಿ ಸಿಕ್ಕಿದ್ರೆ ಜನ ಬಿಡ್ತಾರಾ? ಕಳ್ಳರಮ್ಮ, ಕಳ್ಳರು!" ಎಂದು ಹೆದರಿಸಿ, ಅವರ ಕೈಯಲ್ಲೇ ಪಾಸ್‌ವರ್ಡ್ ಹಾಕಿಸಿದ. ಅವರು ಒತ್ತುವಾಗ ಗೋಡೆ ಕಡೆ ಮುಖ ಮಾಡಿ ನಿಂತ. "ನಾನೇ ಬಂದು ಕೇಳಿದ್ರೂ ಹೇಳ್ಬೇಡಿ!" ಎಂದು ಬೇರೆ ತಾಕೀತು ಮಾಡಿದ.

ಕೆಳಗಿಳಿಯುವಷ್ಟರಲ್ಲಿ ಮಗಳು ಅಳುವುದೊಂದು ಬಾಕಿ. "ನೆಟ್ ಹೋಯ್ತು! ಲ್ಯಾಪ್‌ಟಾಪ್ ಬೆಳಗ್ಗಿಂದ ಟೀಚರ್ ವೈಫೈಗೇ ಅಂಟ್ಕೊಂಡಿತ್ತು, ನಾನು ನೋಡೇ ಇಲ್ಲ. ನಮ್ಮದರ ಪಾಸ್‌ವರ್ಡ್ ಹೇಳು, ಬೇಗ!"

"ನಂಗೇನು ಗೊತ್ತು?"

"ಹಾಕಿದ್ದು ನೀನೇ ಅಲ್ವಾ?"

"ಕಣ್ಣು ಮುಚ್ಚಿ ಕುಟ್ಟಿದ್ದು ಕಣೇ!" ಮೊಬೈಲ್ ಸಿಗ್ನಲ್ ಆ ಕೆಳಮನೆಯೊಳಗೆ ಇಣುಕುತ್ತಲೂ ಇರಲಿಲ್ಲ. ಬೀದಿಗೆ ಓಡಿ ಫೋನ್ ಮಾಡಿದರೆ, ವೈಫೈ ಕಂಪನಿಯವನು ಸಂಜೆಗೆ ಬರುತ್ತೇನೆಂದ. ತನ್ನ ಒಣ ಜಂಬಕ್ಕೆ ಮಗಳ ಅನ್ನಕ್ಕೇ ಕಲ್ಲು ಹಾಕಿದೆನಲ್ಲ ಎಂದುಕೊಳ್ಳುತ್ತ ಅವನು ಎದ್ದೂಬಿದ್ದೂ ಮತ್ತೆ ಮೆಟ್ಟಿಲು ಹತ್ತಿದ.

"ಟೀಚರಮ್ಮಾ, ಆ ಪಾಸ್‌ವರ್ಡ್..."

"ಹೇಳಲ್ಲಪ್ಪ. ನೀವೇ ಬಂದು ಕೇಳಿದ್ರೂ ಹೇಳ್ಬೇಡಿ ಅಂದವರು ಯಾರು?"

"ಕಳ್ಳ ನಾನೇ ತಾಯಿ!" ಎಂದು ಕೈ ಮುಗಿದು, ನಡೆದದ್ದೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ.

ಟೀಚರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಪಾಸ್‌ವರ್ಡ್ ಆಮೇಲೆ ನೋಡೋಣ. ಮೊದ್ಲು ಮಗೂನ ಕಳಿಸಿ."

ಹುಡುಗಿ ಅವರ ಊಟದ ಮೇಜಿನ ಮುಂದೆ ಕೂತಳು. ಅವನು ಹೊರಗೆ ಮೆಟ್ಟಿಲ ಮೇಲೆ ಉಗುರು ಕಚ್ಚುತ್ತ ಕೂತ. ಬಹಳ ಹೊತ್ತಿನ ಮೇಲೆ ಮಗಳು ಹೊರಬಂದಳು. ಅವಳ ಮುಖ ಅರಳಿತ್ತು.

"ಕೆಲಸ ಸಿಕ್ತು ಅಪ್ಪಾ! ನಾಳೆಯಿಂದಲೇ ಶುರು."

ಅವನ ಕಣ್ಣು ತುಂಬಿ ಬಂತು. "ಆಫೀಸು ಎಲ್ಲಮ್ಮಾ? ನಾನೇ ಬಿಟ್ಟು ಬರ್ತೀನಿ."

"ಆಫೀಸು ಇಲ್ಲ. ಮನೆಯಿಂದಲೇ ಕೆಲಸ. ವೈಫೈ ಒಂದು ಗಟ್ಟಿಯಾಗಿರಬೇಕಂತೆ."

ಟೀಚರಮ್ಮ ಅವನ ಮುಖ ನೋಡಿದರು. ಆಮೇಲೆ ಒಳಕ್ಕೆ ತಿರುಗಿ, ಹುಡುಗಿ ಕೂತಿದ್ದ ಮೇಜಿನ ಮೇಲಿದ್ದ ತಮ್ಮ ಪುಸ್ತಕಗಳನ್ನೆಲ್ಲ ಎತ್ತಿ ಬೇರೆ ಕಡೆ ಇಡತೊಡಗಿದರು.