ಧಣಿಯ ಹೆಸರು ಹೊತ್ತ ಪದ್ಯ

ಡಾರ್ಕಸ್ ಕೇಳಿದ್ದು ಎರಡೇ ಸಾಲು. 'ಈ ಹೆಂಗಸು ನನ್ನ ಕೆಲಸದ ಮೇಲೆ ಹೊರಟಿದ್ದಾಳೆ, ತಡೆಯಬೇಡಿ' ಎಂದು ಕಾರ್ವಿತ್ ಧಣಿಯ ಹೆಸರಿನಲ್ಲೊಂದು ರಹದಾರಿ. ದೋಣಿ ಹತ್ತಿ ಆಚೆ ದಡದ ಕನೆಕ್ಟಿಕಟ್ ಮುಟ್ಟಿದರೆ ಗಂಡ ಸಿಗುತ್ತಿದ್ದ. ಲಾಂಗ್ ಐಲೆಂಡ್ ದ್ವೀಪದ ಧಣಿಯ ಜಮೀನಿನಲ್ಲಿ ಅವಳ ಜೊತೆ ದುಡಿಯುವ ಗುಲಾಮರಲ್ಲಿ ಅಕ್ಷರ ಬಲ್ಲವನು ಮುದುಕ ಪ್ರೈಮಸ್ ಒಬ್ಬನೇ.

"ಸುಳ್ಳು ಬರೆಯೋಕೆ ದೇವರು ನಂಗೆ ಅಕ್ಷರ ಕೊಡ್ಲಿಲ್ಲ ಕಣವ್ವ."

"ಮತ್ಯಾಕೆ ಕೊಟ್ಟ ತಾತ? ಧಣಿ ಮನೆ ನೆಂಟರು ಚಪ್ಪಾಳೆ ಹೊಡೀಲಿ ಅಂತಲಾ?"

ಮಾತು ಚುರ್ರೆಂದಿತು. ಆದರೂ ಮುದುಕ ಜಗ್ಗಲಿಲ್ಲ. ತಾಳಿದವರಿಗೆ ಸ್ವರ್ಗ ಎಂದು ತಾನೇ ಕಟ್ಟಿದ, ಅಚ್ಚಾಗಿ ಬಂದ ಪದ್ಯದ ಹಾಳೆಯನ್ನು ಅವಳ ಕೈಗಿಟ್ಟ. "ಇದನ್ನ ಎದೆಗೊತ್ಕೊಂಡಿರು. ದೇವರು ಕಾಯ್ತಾನೆ."

ಡಾರ್ಕಸ್‌ಗೆ ಓದು ಬಾರದು, ಕಲಿಯಗೊಟ್ಟವರು ಯಾರು? ಕೈಬರಹಕ್ಕಿಂತ ಅಚ್ಚಿನ ಕಾಗದ ದೊಡ್ಡದೆಂದು ನಂಬಿದಳು. ಮರುದಿನ ಬೆಳಗ್ಗೆ ದೋಣಿಕಟ್ಟೆಯಲ್ಲಿ ಕಾವಲಿನವನು ರಹದಾರಿ ಕೇಳಿದಾಗ ತಲೆಯೆತ್ತಿ ಅದನ್ನೇ ಚಾಚಿದಳು.

ಅವನು ಶೀರ್ಷಿಕೆಯ ಕೆಳಗಿನ ಸಾಲು ಓದಿದ: 'ಕಾರ್ವಿತ್ ಧಣಿಯ ಗುಲಾಮ ಪ್ರೈಮಸ್ ರಚಿಸಿದ್ದು.' ಗುಲಾಮನ ಪದ್ಯವನ್ನು ಒಡೆಯನ ಹೆಸರಿಲ್ಲದೆ ಅಚ್ಚು ಹಾಕುವವರಿರಲಿಲ್ಲ. ದನದ ತೊಡೆಗೆ ಮುದ್ರೆ ಸುಡುವವರು ಹಾಡನ್ನು ಬಿಟ್ಟಾರೆಯೇ? ಆ ಸಾಲನ್ನು ಪ್ರೈಮಸ್ ಬೆರಳಿಟ್ಟು ಎಲ್ಲರಿಗೂ ತೋರಿಸಿ ಬೀಗಿದ್ದ.

"ಭಲೇ! ಓಡೋಳು ಮನೆ ವಿಳಾಸಾನೂ ಹೊತ್ಕೊಂಡು ಬಂದವ್ಳಲ್ಲೋ!" ಕಟ್ಟೆಯೆಲ್ಲ ನಕ್ಕಿತು.

ಮಧ್ಯಾಹ್ನದೊಳಗೆ ಅವಳು ಜೋಳದ ಕಣಜದಲ್ಲಿ ಬಂದಿಯಾಗಿದ್ದಳು. ಸಕ್ಕರೆ ದ್ವೀಪಗಳಿಗೆ ಮಾರುವುದೆಂದು ಧಣಿ ತೀರ್ಮಾನಿಸಿಬಿಟ್ಟಿದ್ದ. ಅಲ್ಲಿ ಕಬ್ಬಿನ ಗದ್ದೆಗೆ ಹೋದವರು ತಿರುಗಿ ಬಂದದ್ದಿಲ್ಲ.

ಪ್ರೈಮಸ್ ಹಲಗೆಯ ಸಂದಿಗೆ ಬಾಯಿಟ್ಟ. "ಡಾರ್ಕಸ್, ಈಗ ಬರೀತೀನಿ ಕಣೇ. ಧಣಿ ಸಹಿ ನಂಗೆ ಚೆನ್ನಾಗ್ ಬರುತ್ತೆ."

"ಬಾಗಿಲಿಗೆ ಬೀಗ ಐತೆ ತಾತ. ಬೀಗಕ್ಕೆ ಓದು ಬರಲ್ಲ."

"ನನ್ನ ಕ್ಷಮಿಸವ್ವ."

"ನಿನ್ನ ದೇವರನ್ನ ಕೇಳ್ಕೋ. ನಿಂಗೆ ಬೇಕಾದವನಲ್ವಾ?"

ಮುದುಕ ಮಂಡಿಯೂರಿದ. ಅರವತ್ತು ವರ್ಷ ಪ್ರಾರ್ಥನೆ ನಾಲಿಗೆಯಿಂದ ತಾನಾಗಿ ಇಳಿಯುತ್ತಿತ್ತು. ಇಂದು ಬಾಯಿ ತೆರೆದರೆ ತಾಳು, ತಾಳು ಎಂಬ ತನ್ನದೇ ಪದ್ಯ ಬಂತು. ಹಲ್ಲು ಕಚ್ಚಿಕೊಂಡ. ಅವಳನ್ನು ಒಯ್ಯುವ ಗಾಡಿ ಅಂಗಳಕ್ಕೆ ಬಂದು ನಿಂತಾಗಲೂ ಅವನಿಗೆ ಬೇರೆ ಮಾತು ಸಿಕ್ಕಿರಲಿಲ್ಲ.