ಬೇಲಿಯೊಳಗೆ ಉಳಿದದ್ದು

"ನಿನ್ನೆ ಸಂಜೆ ಬೇಲಿ ಮುಚ್ಚಿದೀನಿ. ಇವತ್ತು ಬೆಳಿಗ್ಗೆ ಈ ಬುಡದಲ್ಲಿ ಚಿಗುರಿಲ್ಲ. ಹಾಗಂದ್ರೆ ಏನರ್ಥ?" ಹಿಡಿಯಮ್ಮ ಕಡಿದ ಮರದ ಬುಡದ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು.

"ಜಿಂಕೆಗೆ ಹೊಟ್ಟೆ ತುಂಬ್ತು ಅಂತ," ಎಂದ ಮೈದುನ. ಬಸ್ ಕಂಡಕ್ಟರನಾಗಿ ತಲೆ ನರೆತವನು. ಯಾರ ಸಂಕಟಕ್ಕೂ ಅವನ ಬಾಯಲ್ಲಿ ಚಿಲ್ಲರೆ ಸಿದ್ಧವಿರುತ್ತಿತ್ತು. "ಅತ್ತಿಗೆ, ನೀವು ಬೇಲಿ ಕಟ್ಟಿಲ್ಲ, ಊಟದ ಮನೆ ಕಟ್ಟಿದೀರಿ."

ಅವಳು ಕಡಿದ ಚಿಗುರಿನ ಮೋಟನ್ನು ಬೆರಳಲ್ಲಿ ಸವರಿದಳು.

ಕೊಡಲಿ, ಸುತ್ತಿಗೆ, ಗುದ್ದಲಿಗಳಿಗೆ ಹಿಡಿ ಮಾಡಿ ಮಾರುವವಳು ಎಂದು ಸುತ್ತಲಿನವರೆಲ್ಲ ಅವಳನ್ನು ಹಿಡಿಯಮ್ಮ ಎನ್ನುತ್ತಿದ್ದರು. ಹಿಡಿಗೆ ಬೇಕಾದ ನೆಟ್ಟನೆಯ ಕೋಲುಗಳೆಲ್ಲ ಬರುವುದು ಈ ಕಾಡಿನಿಂದ. ಕಾಡೆಂದರೆ ಅಂಥ ದೊಡ್ಡದೇನಲ್ಲ, ಲೋಟದ ಚಹಾ ಆರುವಷ್ಟರಲ್ಲಿ ಒಂದು ಸುತ್ತು ಹಾಕಿ ಬರಬಹುದು. ವರ್ಷಕ್ಕೊಂದು ಭಾಗದ ಮರಗಳನ್ನು ನೆಲಮಟ್ಟಕ್ಕೆ ಕಡಿಯುವುದು, ಬುಡ ತಾನಾಗಿ ಚಿಗುರುವುದು, ಚಿಗುರು ಕೋಲಾಗುವುದು. ಮಾವನ ಕಾಲದಿಂದ ನಡೆದು ಬಂದ ಲೆಕ್ಕ ಇದು. ಪಕ್ಕದಲ್ಲಿ ರೆಸಾರ್ಟ್ ಬಂದ ಮೇಲೆ ಲೆಕ್ಕ ತಪ್ಪಿತು. ಅತಿಥಿಗಳಿಗೆ ಜಿಂಕೆ ಕಾಣಲಿ ಎಂದು ಅದರ ಯಜಮಾನ ಗಡಿಯ ಹತ್ತಿರವೇ ಉಪ್ಪಿನ ತೊಟ್ಟಿ ಇಟ್ಟಿದ್ದ. ಜಿಂಕೆಗಳು ಅಲ್ಲಿ ಉಪ್ಪು ನೆಕ್ಕಿ ಇಲ್ಲಿ ಊಟಕ್ಕೆ ಬರುತ್ತಿದ್ದವು. ಕಳೆದ ವರ್ಷ ಚಿಗುರಿದ್ದೆಲ್ಲ ಅವುಗಳ ಪಾಲಾಗಿತ್ತು. ಈ ವರ್ಷವೂ ಹಾಗೇ ಆದರೆ ಬುಡಗಳೇ ಸತ್ತುಹೋಗುತ್ತವೆ.

ಕಾಡಿನಲ್ಲಿ ಅರ್ಧ ಪಾಲು ಮೈದುನನದು. ರೆಸಾರ್ಟಿನವನಿಗೆ ಮಾರಿ ಕೈ ತೊಳೆದುಕೊಳ್ಳೋಣ ಎಂದು ಅವನು ಹಿಂದೆ ಬಿದ್ದಿದ್ದ. ಕಾಟ ತಾಳಲಾರದೆ ಅವಳು ಮಾತು ಕೊಟ್ಟಿದ್ದಳು: ಈ ಸಲ ಚಿಗುರು ಉಳಿಯದಿದ್ದರೆ ಸಹಿ ಹಾಕುತ್ತೇನೆ. ಅಂದಿನಿಂದ ಹಲ್ಲು ಕಚ್ಚಿ ಬೇಲಿಗೆ ನಿಂತಿದ್ದಳು. ಎರಡು ಸಾಲು ಗೂಟ, ನಡುವೆ ಕಡಿದ ಕೊಂಬೆಗಳನ್ನು ಹೆಣೆದು ತುರುಕಿ, ತಲೆಗಿಂತ ಎತ್ತರಕ್ಕೆ. ಅಂಗೈ ಚರ್ಮ ಸುಲಿದು, ಮತ್ತೆ ಬಂದು, ಮತ್ತೆ ಸುಲಿದಿತ್ತು.

ಎದ್ದು ಬೇಲಿಯ ಬುಡವನ್ನು ಪೂರ್ತಿ ಸುತ್ತಿದಳು. ಹೊರಗಿನಿಂದ ನುಗ್ಗಿದ ಒಂದು ಗುರುತೂ ಇಲ್ಲ. ಗೊರಸಿನ ಗುರುತುಗಳೆಲ್ಲ ಒಳಗೇ. ನಡುವಿನ ಪೊದೆಯ ಕಡೆ ನೋಡಿದರೆ ಎಲೆಗಳ ಮೇಲೆ ಎರಡು ಕಿವಿಗಳು ಕಂಡವು.

ಅವಳಿಗೆ ಆಗ ಹೊಳೆಯಿತು. ಬೇಲಿ ಮುಚ್ಚುವ ಮುಂಚೆ ಒಳಗೆಲ್ಲ ಸದ್ದು ಮಾಡುತ್ತ ಒಂದು ಸಲ ಓಡಾಡಬೇಕು. ಮಾವ ಒಮ್ಮೆಯೂ ಅದನ್ನು ಬಿಟ್ಟವರಲ್ಲ. ಮುಗಿಸಿದೆನಲ್ಲ ಎಂಬ ಹೆಮ್ಮೆಯಲ್ಲಿ ಅವಳು ಅದನ್ನೇ ಮರೆತಿದ್ದಳು.

"ನೀವು ಬೇಲಿ ಮುಚ್ಚೋವಾಗಲೇ ಓಡಿ ಹೋಗಬಹುದಿತ್ತಲ್ಲ ಅದು?" ಎಂದ ಮೈದುನ.

"ಮರಿ ಇರ್ಬೇಕು. ಬಿಟ್ಟು ಹೇಗೆ ಹೋಗುತ್ತೆ?"

ರೆಸಾರ್ಟಿನ ಕಡೆಗೆ ಬೇಲಿ ಬಿಚ್ಚಿ ಇಬ್ಬರೂ ಓಡಿಸಲು ನೋಡಿದರು. ಜಿಂಕೆ ಇಬ್ಬರ ನಡುವೆ ನುಸುಳಿ ಮತ್ತೆ ಪೊದೆ ಸೇರಿತು. ಮೈದುನ ಏದುಸಿರು ಬಿಡುತ್ತ ಬುಡವೊಂದರ ಮೇಲೆ ಕೂತ. "ಬಿಡಿ ಅತ್ತಿಗೆ. ಸಾಕು."

"ನಿನಗೆ ಸಾಕು," ಎಂದು ಅವಳು ರೆಸಾರ್ಟಿನ ದಾರಿ ಹಿಡಿದಳು.

ಅಲ್ಲಿ ಅತಿಥಿಗಳು ತಿಂಡಿ ತಿನ್ನುತ್ತಿದ್ದರು. ಯಜಮಾನ ನಗುತ್ತ ಎದ್ದು ಬಂದ. "ಏನಮ್ಮ, ಮನಸ್ಸು ಮಾಡಿದ್ರಾ?"

"ಮಾಡಿದೀನಿ. ನಿಮ್ಮ ಜಿಂಕೆ ನಮ್ಮ ಬೇಲಿಯೊಳಗಿದೆ, ಬಂದು ಕರ್ಕೊಂಡು ಹೋಗಿ."

"ಕಾಡುಪ್ರಾಣಿ ಯಾರದ್ದೂ ಅಲ್ಲಮ್ಮ."

"ಉಪ್ಪು ನೆಕ್ಕೋವಾಗ ನಿಮ್ದು, ನನ್ನ ಚಿಗುರು ತಿನ್ನೋವಾಗ ಯಾರದ್ದೂ ಅಲ್ವಾ?" ಅವಳ ದನಿ ಏರಿತು. "ತಾಯಿ, ಮರಿ ಎರಡೂ ಸಿಕ್ಕಿಹಾಕ್ಕೊಂಡಿವೆ. ಜನ ಬೇಕು ನನಗೆ."

ಮರಿ ಎಂಬ ಮಾತು ಕೇಳಿದ್ದೇ ತಡ, ಕುರ್ಚಿಗಳು ಹಿಂದೆ ಸರಿದವು. ಅತಿಥಿಗಳೆಲ್ಲ ಹೊರಟು ನಿಂತ ಮೇಲೆ ಯಜಮಾನ ಒಬ್ಬನೇ ಕೂತು ಮಾಡುವುದೇನು? ಅವನೂ ಬಂದ.

ಸಾಲು ನಿಲ್ಲಿಸುವ ಕೆಲಸ ಮೈದುನ ತಾನಾಗಿಯೇ ಎತ್ತಿಕೊಂಡ. ಕಂಡಕ್ಟರನ ಗುಣ ಎಲ್ಲಿಗೆ ಹೋದೀತು! "ಮಧ್ಯೆ ಜಾಗ ಬಿಡ್ಬೇಡಿ! ಮೇಡಂ, ಪಕ್ಕದವರ ಕೈ ಹಿಡ್ಕೊಳ್ಳಿ. ಸಾರ್, ಫೋಟೋ ಆಮೇಲೆ. ಎಲ್ರೂ ನಿಧಾನ!"

ಬೇಲಿ ಬಿಚ್ಚಿದ ಕಡೆ ಯಾರಾದರೂ ನಿಲ್ಲಬೇಕಿತ್ತು. ಜಿಂಕೆ ದಾಟಿದ ಕೂಡಲೇ ಮುಚ್ಚಬೇಕು, ಇಲ್ಲದಿದ್ದರೆ ಹಿಂಡೇ ಒಳಗೆ ಬರುತ್ತದೆ. ಅವಳನ್ನು ಬಿಟ್ಟರೆ ಆ ಜಾಗ ಗೊತ್ತಿದ್ದವನು ಮೈದುನ ಒಬ್ಬನೇ. ಬೇಲಿ ಕೆಟ್ಟರೆ ಲಾಭವೂ ಅವನಿಗೇ. ಅವಳು ಅವನ ಮುಖ ನೋಡಿದಳು, ಅವನು ಬೇರೆ ಕಡೆ ನೋಡಿದ.

"ನೀನೇ ನಿಲ್ಲು," ಎಂದಳು.

ಸಾಲು ಮುಂದೆ ಸರಿಯಿತು. ಜಿಂಕೆ ಎರಡು ಸಲ ತಿರುಗಿ ನಿಂತು, ಕೈ ಕೈ ಹಿಡಿದ ಜನರನ್ನು ದಿಟ್ಟಿಸಿ, ಕೊನೆಗೆ ಒಂದೇ ನೆಗೆತಕ್ಕೆ ಹೊರಗೆ ಹಾರಿತು. ಮರಿ ಮಾತ್ರ ಹೋಗಲಿಲ್ಲ. ಪೊದೆಯ ಬುಡದಲ್ಲಿ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಮನುಷ್ಯರ ವಾಸನೆ ತಾಗದಿರಲೆಂದು ಹಿಡಿಯಮ್ಮ ಸೆರಗಿನ ಮೇಲೆ ಹಸಿ ಎಲೆ ಹರಡಿ ಅದನ್ನು ಎತ್ತಿಕೊಂಡಳು. ಒಂದು ವರ್ಷದ ದುಡಿಮೆ ತಿಂದು ಮುಗಿಸಿದವರ ಮನೆಯ ಕೂಸು, ಅವಳ ತೋಳಲ್ಲಿ ಗಡಗಡ ನಡುಗುತ್ತಿತ್ತು. ಅವಳಿಗೆ ಸಿಟ್ಟೂ ಬಂತು, ಕರುಳೂ ಚುರುಕ್ ಎಂದಿತು.

ತಾಯಿ ನಿಂತಿದ್ದು ದೂರದಲ್ಲಿ, ತೊಟ್ಟಿಯ ಆಚೆಯ ಹುಲ್ಲಿನಲ್ಲಿ. ಅವಸರ ಮಾಡಿದರೆ ಅದು ಇನ್ನೂ ದೂರ ಓಡುತ್ತದೆ. ಅತಿಥಿಗಳನ್ನು ರೆಸಾರ್ಟಿಗೆ ಮರಳಿ ಕಳಿಸಿ ಅವಳು ಒಂದೊಂದೇ ಹೆಜ್ಜೆ ಇಟ್ಟಳು. ತೊಟ್ಟಿಯ ಸುತ್ತ ಇದ್ದ ಹಿಂಡು ತಲೆಯೆತ್ತಿ ಅವಳನ್ನೂ, ಅವಳ ಬೆನ್ನ ಹಿಂದಿನ ತೆರೆದ ಬೇಲಿಯನ್ನೂ ನೋಡಿ, ಚದುರಿ ಕಾಡಿನ ಕಡೆಗೆ ಹೆಜ್ಜೆ ಹಾಕಿತು. ಆದರೂ ಅವಳು ಓಡಲಿಲ್ಲ. ಮರಿಯನ್ನು ಹುಲ್ಲಿನಲ್ಲಿ ಇಳಿಸಿ, ಹಿಂದೆ ಬಂದ ಯಜಮಾನನಿಗೆ, "ಈ ತೊಟ್ಟಿ ಇಲ್ಲಿಂದ ಎತ್ತಿಸಿ," ಎಂದಳು.

"ನೋಡೋಣಮ್ಮ."

"ನೋಡೋದೇನಿಲ್ಲ. ನಾಳೆಯೂ ಬರ್ತೀನಿ, ನಾಡಿದ್ದೂ ಬರ್ತೀನಿ. ನಿಮ್ಮ ತಿಂಡಿ ಹೊತ್ತಿಗೇ ಬರ್ತೀನಿ."

ವಾಪಸು ಬರುವಾಗ ಕಾಲು ತಾನಾಗಿ ಓಡಿತು. ಜಿಂಕೆಗಳು ಬೇಲಿಯ ಹೊರಗೆ ಗುಂಪಾಗಿ ನಿಂತಿದ್ದವು. ಒಳಗಿನಿಂದ ಯಾರೋ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಜಿಂಕೆಗಳನ್ನು ಸುತ್ತಿಕೊಂಡು ಹೋಗಿ, ಕಂಡಿಯಿದ್ದ ಜಾಗದಲ್ಲಿ ಗೂಟಗಳ ನಡುವಿನಿಂದ ಇಣುಕಿದಳು. ಮೈದುನ ಸೊಂಟದೆತ್ತರಕ್ಕೆ ಕೊಂಬೆ ತುರುಕಿದ್ದ. ಅಂಗಿಯ ತೋಳು ಹರಿದು ಮೊಣಕೈಯಿಂದ ರಕ್ತ ಜಿನುಗುತ್ತಿತ್ತು. ಹೆಣೆದದ್ದೆಲ್ಲ ತಿರುಗುಮುರುಗು.

"ಕೊಂಬೆಯ ಬುಡ ಒಳಗೆ ಬರ್ಬೇಕು, ಮೊನಚು ಹೊರಗೆ," ಎಂದಳು.

"ಮೊದಲೇ ಹೇಳೋಕೇನಾಗಿತ್ತು?" ಗೊಣಗುತ್ತ ಅವನು ಮೇಲಿನ ಸಾಲು ಕಿತ್ತು ಮತ್ತೆ ಹೆಣೆಯತೊಡಗಿದ. ಸ್ವಲ್ಪ ಹೊತ್ತು ಅವಳು ಹೊರಗಿನಿಂದ ಕೊಂಬೆ ಕೊಟ್ಟಳು, ಅವನು ಒಳಗಿನಿಂದ ಎಳೆದುಕೊಂಡ. ಬೇಲಿ ಎದೆಗೆ ಬಂದಾಗ ಅವನ ಕೈ ನಿಂತಿತು.

"ಅತ್ತಿಗೆ, ಇಲ್ಲೊಂದು ಬಾಗಿಲು ಬಿಡೋದು ಬೇಡ್ವಾ? ಕೋಲು ಬಲಿತ ಮೇಲೆ ಹೊರಗೆ ಸಾಗಿಸೋದು ಹೇಗೆ ನಾವು?"

ಅವಳು ಎರಡು ಗೂಟ ಆರಿಸಿ, ತಲೆಹೊರೆ ಹೊತ್ತವರು ದಾಟುವಷ್ಟು ಜಾಗವನ್ನು ಮೊಳ ಹಾಕಿ ಅಳೆದಳು.